ಅಮ್ಮನಿಗಿಲ್ಲದ ಜಡೆ

೧೬ ಏಪ್ರಿಲ್ ೨೦೧೯, ಮಂಗಳವಾರ

ಅಕ್ಕ ಬಾಂಗ್ಯೋಗೆ, ನಿನ್ನ ತಂಗಿ ಮಾನ್‌ಯಿಂಗ್ ಮಾಡುವ ನಮಸ್ಕಾರ.

ನಿನ್ನ ಸೀತಾಫಲದ ಪೆಟ್ಟಿಗೆ ತಲುಪಿ ಮೂರು ತಿಂಗಳಾಯಿತು. ಹಣ್ಣು ತಿಂದೆ, ಬೀಜ ತೊಳೆದು ಒಣಗಿಸಿ ಡಬ್ಬಿಯಲ್ಲಿಟ್ಟೆ, ಖಾಲಿ ಪೆಟ್ಟಿಗೆಗೆ ಹಳೆಯ ಪತ್ರಿಕೆ ತುಂಬಿದೆ. ತಲುಪಿತು ಎಂಬ ಒಂದು ಸಾಲನ್ನು ಮಾತ್ರ ಬರೆಯಲಿಲ್ಲ. ನೀನು ಫೋನು ಇಟ್ಟುಕೊಳ್ಳದ ಹಟಮಾರಿ, ನಾನು ನಾಳೆ ಬರೆದರಾಯಿತು ಎನ್ನುವ ಸೋಮಾರಿ. ಕ್ಷಮಿಸಿಬಿಡು. ನಿನ್ನ ಮಂಡಿ ಹೇಗಿದೆ? ಒಂದೊಂದು ಹೂವಿಗೂ ಕುಂಚದಿಂದ ಪರಾಗ ಹಚ್ಚುತ್ತಾ ಇಡೀ ತೋಟ ಸುತ್ತುವುದಕ್ಕೆ ಅರವತ್ತೊಂದರ ಸೊಂಟ ಇನ್ನೂ ಒಪ್ಪುತ್ತದೆಯೇ? ಬೆಟ್ಟದ ಆ ಕಡೆ ಈ ವರ್ಷ ಗಾಳಿ ಜೋರಂತೆ, ರೇಡಿಯೋದಲ್ಲಿ ಹೇಳುತ್ತಿದ್ದರು.

ನಾನು ಚೆನ್ನಾಗಿದ್ದೇನೆ. ಶಾಲೆಯ ಗ್ರಂಥಾಲಯದಿಂದ ನಿವೃತ್ತಳಾದ ಮೇಲೆ ಓದುವುದಕ್ಕೆ ಸಮಯ ಸಿಕ್ಕಿದೆ, ಸಿಟ್ಟು ಮಾಡಿಕೊಳ್ಳುವುದಕ್ಕೂ ಸಿಕ್ಕಿದೆ. ಸೇನಾಡಳಿತ ಬಾಯಿಗೆ ಬೀಗ ಹಾಕಿದ್ದ ಆ ವರ್ಷಗಳ ಸರ್ಕಾರಿ ಕಡತಗಳನ್ನೆಲ್ಲ ತೆರೆಯಬೇಕು, ಯಾರ ಮೇಲೆ ಯಾರು ಸುಳ್ಳು ಸಾಕ್ಷಿ ಹೇಳಿದರು ಎಂಬುದು ಹೆಸರು ಸಮೇತ ಹೊರಗೆ ಬರಬೇಕು, ಸತ್ತವರಾದರೂ ಸರಿ, ಮುದುಕರಾದರೂ ಸರಿ ಎಂದು ಪತ್ರಿಕೆಗೆ ಬರೆದಿದ್ದೆ. ಹೋದ ತಿಂಗಳು ಅಚ್ಚಾಯಿತು. ಕತ್ತರಿಸಿ ಇದರೊಳಗೆ ಇಟ್ಟಿದ್ದೇನೆ.

ಈಗ ಸುದ್ದಿಗೆ ಬರುತ್ತೇನೆ. ಕೂತುಕೊಂಡು ಓದು.

ಹೋದ ಶುಕ್ರವಾರ ಬೆಳಿಗ್ಗೆ ನಮ್ಮ ಕೇರಿಯ ಮುಖ್ಯಸ್ಥ ವೂ ಬಂದ. ಮೀನಿನ ಕೆರೆಗಳಿಗೆ ಮೇವು ಮಾರುತ್ತಿದ್ದವನು, ಹೋದ ಚುನಾವಣೆಯಲ್ಲಿ ಗೆದ್ದವನು, ನೀನು ನೋಡಿಲ್ಲ. ಚಪ್ಪಲಿ ಬಿಡುವ ಮೊದಲೇ ಶುರುಮಾಡಿದ.

"ಯಿಂಗ್ ಅಕ್ಕಾ, ಸಿಹಿ ಸುದ್ದಿ! ಈ ಸಲ ತಾಯಂದಿರ ದಿನಕ್ಕೆ ನಮ್ಮ ಕೇರಿಯಿಂದ ಆದರ್ಶ ತಾಯಿ ಯಾರು, ಹೇಳಿ ನೋಡೋಣ?"

"ನಿಮ್ಮ ಹೆಂಡತಿಯಾ?"

"ಅಯ್ಯೋ, ಅವಳಿಗೆ ಕೊಟ್ರೆ ನನ್ನ ಮಕ್ಕಳೇ ತಕರಾರು ಅರ್ಜಿ ಹಾಕ್ತಾರೆ. ನಿಮ್ಮಮ್ಮ ಕಣಕ್ಕಾ, ಶಿನ್ಮೇ ಅಜ್ಜಿ! ಎಂಬತ್ಮೂರು ವರ್ಷ, ಇವತ್ತೂ ತಲೆ ನೋಡಿ ಹೆಂಗೆ ಸೆಟ್ ಮಾಡ್ಕೊಂಡಿರ್ತಾರೆ. ಎರಡು ಹೆಣ್ಣುಮಕ್ಕಳನ್ನ ಒಬ್ಬರೇ ಸಾಕಿದ್ರು ಅಂತ ಯಾರಿಗೆ ಗೊತ್ತಿಲ್ಲ?"

ಒಬ್ಬರೇ! ಉಪ್ಪಿನ ಆಗರದಲ್ಲಿ ಮೂವತ್ತು ವರ್ಷ ಸೊಂಟ ಬಗ್ಗಿಸಿದ ಅಪ್ಪ ಎಲ್ಲಿ ಹೋದ ಎಂದು ನಾನು ಕೇಳಲಿಲ್ಲ. ಅಪ್ಪ ಬದುಕಿದ್ದಾಗಲೇ ಆ ಮನೆಯ ಕಥೆಯಲ್ಲಿ ಇರಲಿಲ್ಲ.

ವೂನ ಕೈಯಲ್ಲಿ ಒಂದು ಕಾಗದವಿತ್ತು. ಪ್ರತಿ ತಾಯಿಯ ಬಗ್ಗೆಯೂ ಮಕ್ಕಳು ಮುನ್ನೂರು ಅಕ್ಷರದಲ್ಲಿ ತ್ಯಾಗದ ವಿವರ ಬರೆದುಕೊಡಬೇಕು, ಅದು ನಿಯಮ. ನನ್ನದು ಬರೆದು ಮುಗಿದಿತ್ತು. ಅಮ್ಮನ ಕೈಬರಹ, ಆದರೆ ಅಲ್ಲಿ ಮಾತನಾಡುತ್ತಿದ್ದವಳು ನಾನು. "ನಾನು ಮಾನ್‌ಯಿಂಗ್, ನನ್ನ ತಾಯಿಯ ಋಣ ಸಮುದ್ರಕ್ಕಿಂತ ಆಳ" ಎಂದು ಮೊದಲಾಗಿತ್ತು. ಕೆಳಗೆ ಸಹಿಯ ಜಾಗದಲ್ಲಿ ನನ್ನ ಹೆಸರಿನ ಮುದ್ರೆ, ಕೆಂಪು ಮಸಿಯಲ್ಲಿ.

"ಇದನ್ನ ನಾನು ಒತ್ತಿಲ್ಲ" ಎಂದೆ.

"ಅಜ್ಜಿ ಒತ್ತಿದ್ರು. ಮುದ್ರೆ ನಿಮ್ಮದೇ ತಾನೇ? ಎಷ್ಟು ಚೆನ್ನಾಗಿ ಬಿದ್ದಿದೆ ನೋಡಿ."

ನನ್ನದೇ. ಇಪ್ಪತ್ತೆರಡನೇ ವಯಸ್ಸಿನಲ್ಲಿ ಶಾಲೆಯ ಕೆಲಸ ಸಿಕ್ಕಾಗ ಅಪ್ಪ ಎಮ್ಮೆಕೊಂಬಿನಲ್ಲಿ ಕೊರೆಸಿಕೊಟ್ಟದ್ದು. "ನೀನು ಕಳ್ಕೋತೀಯ, ಕೊಡಿಲ್ಲಿ" ಎಂದು ಅಮ್ಮ ಅಂದೇ ತೆಗೆದುಕೊಂಡು ತನ್ನ ಬಿಸ್ಕತ್ತಿನ ಡಬ್ಬಿಗೆ ಹಾಕಿದಳು. ನಾನು ಬ್ಯಾಂಕಿಗೆ, ಅಂಚೆ ಕಚೇರಿಗೆ ಬೇರೆ ಮುದ್ರೆ ಮಾಡಿಸಿಕೊಂಡು ಮೂವತ್ತೈದು ವರ್ಷ ಬದುಕಿದೆ. ಅದನ್ನು ಕೇಳಿ ತೆಗೆದುಕೊಳ್ಳುವ ಧೈರ್ಯ ಬರಲಿಲ್ಲ, ಇಷ್ಟು ಓದಿದವಳಿಗೆ!

"ಎಲ್ಲಾ ಆಗಿದ್ಮೇಲೆ ನನ್ನಿಂದ ಏನಾಗಬೇಕು?"

"ಮೇ ನಾಲ್ಕಕ್ಕೆ ವೇದಿಕೆ ಮೇಲೆ ನೀವು ಇದನ್ನ ಓದಬೇಕು. ಆಮೇಲೆ ಮಂಡಿಯೂರಿ ಅಜ್ಜಿಗೆ ಚಹಾ ಕೊಡಬೇಕು. ಫೋಟೋ. ಊಟ. ಅಷ್ಟೇ ಅಕ್ಕಾ."

ಅಷ್ಟೇ!

ಕಾಗದದಲ್ಲಿ ಏನಿತ್ತೆಂದು ಹೇಳುತ್ತೇನೆ. ಮೊದಲು ಮೀನು. "ಅಮ್ಮ ಹೂಮೀನಿನ ಹೊಟ್ಟೆಯನ್ನು ಮಕ್ಕಳಿಗೆ ಬಡಿಸಿ, ತನಗೆ ತಲೆಯೇ ಇಷ್ಟವೆಂದು ತಲೆಯನ್ನು ಚೀಪುತ್ತಿದ್ದಳು." ನಿನಗೆ ನಗು ಬಂತೇ? ನಮ್ಮ ಊಟದ ಮೇಜು ನೆನಪಿದೆಯಲ್ಲ. ಹೊಟ್ಟೆಯ ಕೊಬ್ಬಿನ ತುಂಡು ಯಾವಾಗಲೂ ಅವಳ ಬಟ್ಟಲಿಗೆ, ತಲೆ ಅಪ್ಪನಿಗೆ, ಮುಳ್ಳಿನ ಬಾಲ ನಮಗಿಬ್ಬರಿಗೆ. "ಯಾರಾದ್ರೂ ಕೇಳಿದ್ರೆ ಅಮ್ಮ ತಲೆ ತಿಂತಾಳೆ ಅನ್ನಬೇಕು, ತಿಳೀತಾ?" ಎಂದು ತುಟಿಯ ಎಣ್ಣೆ ಒರೆಸಿಕೊಳ್ಳುತ್ತಿದ್ದಳು. ಈ ನಾಡಿನಲ್ಲಿ ಮೀನಿನ ತಲೆ ತಿನ್ನದ ತಾಯಿ ತಾಯಿಯೇ ಅಲ್ಲ, ಅವಳಿಗೆ ಅದು ಗೊತ್ತಿತ್ತು. ಪಠ್ಯಪುಸ್ತಕದವರು, ಪ್ರಶಸ್ತಿ ಸಮಿತಿಯವರು, ಭಾಷಣದವರು, ಎಲ್ಲರೂ ಸೇರಿ ಒಂದು ತಾಯಿಯ ಅಚ್ಚು ಮಾಡಿಟ್ಟಿದ್ದಾರೆ. ಅಮ್ಮನಂಥವಳಿಗೆ ಅದರೊಳಗೆ ನಿಂತುಕೊಳ್ಳುವುದಷ್ಟೇ ಕೆಲಸ.

ಆಮೇಲೆ ಪ್ರವಾಹ. ಅಕ್ಕಾ, ಆ ಪ್ರವಾಹವನ್ನು ಮತ್ತೆ ಕದ್ದಿದ್ದಾರೆ.

"ಚಂಡಮಾರುತದ ದಿನ ನನಗೆ ವಿಪರೀತ ಜ್ವರ. ಅಮ್ಮ ನನ್ನನ್ನು ಬೆನ್ನಿಗೆ ಕಟ್ಟಿಕೊಂಡು ಸೊಂಟದವರೆಗಿನ ನೀರಿನಲ್ಲಿ ಆಗರದ ಏರಿಯ ಮೇಲೆ ನಡೆದು ವೈದ್ಯರ ಮನೆ ಮುಟ್ಟಿದಳು. ಜಾರಿ ಬೀಳದಿರಲೆಂದು ನಾನು ಅವಳ ಜಡೆಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದೆ."

ಜಡೆ! ಶಿನ್ಮೇ ಕೇಶಾಲಂಕಾರದ ಒಡತಿಗೆ ಯಾವ ಕಾಲದಲ್ಲಿ ಜಡೆ ಇತ್ತು? ನಾನು ಹುಟ್ಟುವ ಮೊದಲಿಂದ ಅವಳ ಕೂದಲು ಕಿವಿಯ ಮಟ್ಟಕ್ಕೆ ಗುಂಗುರು ಮಾಡಿಸಿದ್ದು. ಇಡೀ ಊರಿನ ಹೆಂಗಸರ ತಲೆ ಆ ಅಂಗಡಿಯಲ್ಲೇ ಸುರುಳಿಯಾದದ್ದು. ಒಬ್ಬರಾದರೂ, ಆ ಸಮಿತಿಯ ಏಳು ಜನರಲ್ಲಿ ಒಬ್ಬರಾದರೂ, ಈ ಜಡೆ ಎಲ್ಲಿಂದ ಬಂತು ಎಂದು ಕೇಳಲಿಲ್ಲ. ಜಡೆ ಇದ್ದದ್ದು ಹದಿಮೂರು ವರ್ಷದ ನಿನಗೆ. ಅಂದು ಅಮ್ಮ ಯಾರೋ ಮದುಮಗಳ ಮನೆಯ ಮಹಡಿಯಲ್ಲಿ ಅವಳ ಕೂದಲಿಗೆ ಪಿನ್ನು ಸಿಕ್ಕಿಸುತ್ತಿದ್ದಳು. ನೀನು ಕೆಳಗಿನಿಂದ ಕೂಗಿದಾಗ ಕಿಟಕಿಯಿಂದ ಮುಖ ತೋರಿಸಿ "ಜ್ವರಕ್ಕೆ ಯಾರೂ ಸಾಯಲ್ಲ, ಹೋಗು" ಎಂದಳು. ನನಗೆ ಒಂಬತ್ತು. ಆ ಜಡೆಯ ಉಪ್ಪುಪ್ಪು ರುಚಿ ನನ್ನ ನಾಲಿಗೆಯಲ್ಲಿ ಇವತ್ತಿಗೂ ಇದೆ.

ಆ ಹೊಸವರ್ಷದ ಹಿಂದಿನ ದಿನವೂ ನೆನಪಾಯಿತು. ನೀನು ನೂಲಿನ ಕಾರ್ಖಾನೆಗೆ ಸೇರಿ ಮೊದಲ ಸಲ ಊರಿಗೆ ಬಂದಿದ್ದೆ, ಹದಿನಾರಕ್ಕೆ ಬೆರಳೆಲ್ಲ ಬಿರಿದಿತ್ತು. ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲ. ಸಾಲಾಗಿ ಕೂತ ಹೆಂಗಸರ ತಲೆಯ ಮೇಲೆ ಬಿಸಿಗಾಳಿಯ ಟೋಪಿಗಳು. ಅಮ್ಮ ಪ್ರವಾಹದ ಕಥೆ ಹೇಳುತ್ತಿದ್ದಳು. ನೀನು ಬಾಗಿಲಲ್ಲೇ ಚೀಲ ಹಿಡಿದು ನಿಂತು, "ಅಮ್ಮ, ಹೊತ್ಕೊಂಡು ಹೋಗಿದ್ದು ನಾನಲ್ವಾ?" ಎಂದೆ. ಜಗಳದ ದನಿಯಲ್ಲ. ನಿಜವಾಗಿಯೂ ಆಶ್ಚರ್ಯಪಟ್ಟವಳ ದನಿ.

"ನೋಡ್ರಮ್ಮಾ," ಎಂದಳು ಅಮ್ಮ ಕನ್ನಡಿಯಲ್ಲಿದ್ದ ಎಲ್ಲ ಮುಖಗಳಿಗೂ, "ಒಂದು ವರ್ಷ ಪಟ್ಟಣದ ನೀರು ಕುಡಿದದ್ದಕ್ಕೆ ಹೆತ್ತವಳ ಪುಣ್ಯದಲ್ಲೂ ಪಾಲು ಕೇಳ್ತಾಳೆ. ಯಿಂಗ್, ಬಾರೇ ಇಲ್ಲಿ. ನಿನ್ನನ್ನ ಹೊತ್ತವರು ಯಾರು?"

ನಾನು ಏನು ಹೇಳಿದೆನೆಂದು ನಿನಗೆ ಗೊತ್ತು. ನೀನು ಚೀಲ ಕೆಳಗಿಡಲೇ ಇಲ್ಲ. ಬಂದ ಬಸ್ಸಿನಲ್ಲೇ ಹೋದೆ. ಮತ್ತೆ ಆ ಹೊಸ್ತಿಲು ದಾಟಿದ್ದು ಅಪ್ಪನ ಹೆಣ ಎತ್ತುವ ದಿನ. "ಹನ್ನೊಂದು ವರ್ಷದ ಮಗು, ಅವಳು ಕಣ್ಣು ಬಿಟ್ಟು ನಿಂತಿರುವಾಗ ಇನ್ನೇನು ಹೇಳೀತು, ಬಿಡು" ಎಂದು ನೀನು ಮೊದಲ ಪತ್ರದಲ್ಲೇ ಬರೆದೆ. ಆ ಪತ್ರವನ್ನು ನಾನು ಎಷ್ಟು ಸಲ ಓದಿದ್ದೇನೆಂದರೆ ಮಡಿಕೆಯಲ್ಲಿ ಹರಿದಿದೆ.

ಗುರುವಾರದ ಗುಂಪಿನ ಬಗ್ಗೆ ನೀನು ಕೇಳಿದ್ದೆ. ಹೋಗುತ್ತಿದ್ದೇನೆ. ಪಟ್ಟಣದ ಆಸ್ಪತ್ರೆಯೊಂದರ ಹಿಂದಿನ ಕೋಣೆ, ಆರು ಜನ, ಎಲ್ಲರೂ ಐವತ್ತು ದಾಟಿದವರು. ತಮ್ಮನ್ನು ತಾವು ಬಿಟ್ಟು ಬೇರೆ ಯಾರನ್ನೂ ಪ್ರೀತಿಸಲಾರದವರು ಸಾಕಿದ ಮಕ್ಕಳು. ಬಸ್ ಓಡಿಸುತ್ತಿದ್ದ ಹೋಂಗ್ ಅಣ್ಣ ಅಂತ ಒಬ್ಬರಿದ್ದಾರೆ. "ನಮ್ಮಪ್ಪ ಸತ್ತು ಹನ್ನೊಂದು ವರ್ಷ ಆಯ್ತು ಕಣ್ರೀ. ಇವತ್ತೂ ನನ್ನ ಬಸ್ಸು ಹತ್ತಿ, ಟಿಕೆಟ್ ತಗೊಳ್ದೆ, ಹಿಂದಿನ ಸೀಟಲ್ಲಿ ಕೂತು ಬ್ರೇಕ್ ಸರಿಯಾಗಿ ಹಾಕು ಅಂತಾನೆ" ಎನ್ನುತ್ತಾರೆ. ನಾವು ಹೊಟ್ಟೆ ಹುಣ್ಣಾಗುವಷ್ಟು ನಗುತ್ತೇವೆ, ಆಮೇಲೆ ಯಾರಾದರೊಬ್ಬರು ಅಳುತ್ತಾರೆ. ನಮಗೆ ಬೇಡವೆಂದು ಹೆತ್ತವರು ಕಲಿಸಿದ್ದನ್ನು ವಾರಕ್ಕೊಂದು ಮಾಡಿ ಬರಬೇಕು, ಅದು ಮನೆಪಾಠ. ನಾನು ಸಂತೆಗೆ ಹೋಗಿ ಹೂಮೀನಿನ ಹೊಟ್ಟೆ ತಂದು, ಶುಂಠಿ ಹಾಕಿ ಬೇಯಿಸಿ, ಒಲೆಯ ಮುಂದೆ ನಿಂತೇ ತಿಂದೆ. ಐವತ್ತೇಳನೇ ವಯಸ್ಸಿನಲ್ಲಿ ಮೊದಲ ಸಲ. ಆ ಕೋಣೆಯಲ್ಲಿ ನನ್ನದೆಲ್ಲವನ್ನೂ ಹೇಳಿ ಹಗುರಾಗಿದ್ದೇನೆ. ವಾಸಿಯಾಗುವುದು ಅಂದರೆ ಇದೇ ಇರಬೇಕು ಅಂದುಕೊಂಡಿದ್ದೆ, ವೂ ಈ ಕಾಗದ ಹಿಡಿದು ಬರುವವರೆಗೆ.

ಅಮ್ಮನ ಹತ್ತಿರ ಹೋಗಿ ಹೇಳಿದೆ: ಮೀನು ಇರಲಿ, ಪ್ರವಾಹ ತೆಗಿ. "ನಾನು ಸತ್ತ ಮೇಲೆ ನಿನ್ನ ಸತ್ಯ ಬರ್ಕೊಳ್ಳೇ. ಇನ್ನೆಷ್ಟು ದಿನ ಕಾಯಬೇಕು ನೀನು?" ಎಂದು ಉಗುರಿಗೆ ಬಣ್ಣ ಹಚ್ಚಿಕೊಳ್ಳುತ್ತಾ ಕೂತಳು.

ಮೇ ನಾಲ್ಕಕ್ಕೆ ಏನು ಮಾಡಲಿ? ಓದಿದರೆ ಎರಡನೇ ಸಲ ನಿನ್ನನ್ನು ಆ ಬಾಗಿಲಿನಿಂದ ಆಚೆ ಕಳಿಸಿದ ಹಾಗೆ. ಓದದಿದ್ದರೆ ಎಂಬತ್ತಮೂರರ ಮುದುಕಿಯನ್ನು ಊರ ಮುಂದೆ ಅಳಿಸಿದ ಪಾಪಿ ನಾನು. ಒಂದು ಸಾಲು ಬರಿ.

ನಿನ್ನ ಹೂಗಳೆಲ್ಲ ಕಾಯಿ ಕಚ್ಚಲಿ.

ನಿನ್ನ ಯಿಂಗ್


೧೩ ಮೇ ೨೦೧೯, ಸೋಮವಾರ

ಅಕ್ಕಾ,

ನಿನ್ನ ಕಾರ್ಡು ಬಂದು ಹದಿನೆಂಟು ದಿನವಾಯಿತು. ತಡಮಾಡಿದ್ದಕ್ಕೆ ಈ ಸಲ ಸೋಮಾರಿತನ ಕಾರಣವಲ್ಲ. ನೀನು ಒಂದೇ ಸಾಲು ಬರೆದಿದ್ದೆ, ಅದರಲ್ಲೂ ಓದು ಅಂತಿಲ್ಲ, ಓದಬೇಡ ಅಂತಿಲ್ಲ. "ಜಡೆ ಕಚ್ಚಿದ ವಿಷಯ ಅವಳಿಗೆ ಹೇಗೆ ಗೊತ್ತಾಯಿತು?" ಅಷ್ಟೇ. ಕಾರ್ಡನ್ನು ಅಕ್ಕಿ ಡಬ್ಬಿಯ ಹಿಂದೆ ನಿಲ್ಲಿಸಿಟ್ಟಿದ್ದೇನೆ. ದಿನಾ ನೋಡುತ್ತೇನೆ. ಮೊದಲು ಅಂದಿನ ಕಥೆ ಹೇಳಿಬಿಡುತ್ತೇನೆ.

ಹೋದೆ. ಸಮುದಾಯ ಭವನದ ಬಾಗಿಲಲ್ಲಿ ಒಬ್ಬಳು ಹುಡುಗಿ ಬುಟ್ಟಿ ಹಿಡಿದು ಎಲ್ಲರ ಎದೆಗೂ ಕಾರ್ನೇಶನ್ ಹೂವು ಚುಚ್ಚುತ್ತಿದ್ದಳು: ತಾಯಿ ಇದ್ದವರಿಗೆ ಕೆಂಪು, ಇಲ್ಲದವರಿಗೆ ಬಿಳಿ. "ಆಂಟಿ, ನಿಮಗೆ ಯಾವುದು?" ಎಂದು ಮೆಲ್ಲಗೆ ಕೇಳಿದಳು. ನಾನು ಉತ್ತರಿಸಲು ಎಷ್ಟು ಹೊತ್ತು ತೆಗೆದುಕೊಂಡೆನೆಂದರೆ ಪಾಪ, ಅವಳು ತಾನೇ ಬಿಳಿಯದನ್ನು ಎತ್ತಿಕೊಂಡು, "ಕ್ಷಮಿಸಿ" ಎಂದಳು. ಆಗ ಹಿಂದಿನಿಂದ ವೂ ಓಡಿಬಂದ. "ಏ ಏ, ಕೆಂಪು ಕೊಡಮ್ಮಾ! ಇವತ್ತಿನ ನಾಯಕಿಯ ಮಗಳು ಇವ್ರು!"

ಒಂಬತ್ತು ಜನ ತಾಯಂದಿರು ವೇದಿಕೆಯ ಮೇಲೆ ಕೆಂಪು ಪಟ್ಟಿ ಧರಿಸಿ ಕೂತಿದ್ದರು. ಎಂಟು ಜನ ಮುಜುಗರದಿಂದ ನೆಲ ನೋಡುತ್ತಿದ್ದರು. ಆ ತುದಿಯಲ್ಲಿ ಸಿಂಪಿ ಬಿಡಿಸುವ ಹೆಂಗಸೊಬ್ಬಳು, ಬೆರಳಿಗೆಲ್ಲ ಪಟ್ಟಿ, ಮೊಮ್ಮಗುವನ್ನು ತೊಡೆಯಿಂದ ಇಳಿಸಲಾರದೆ ಒದ್ದಾಡುತ್ತಿದ್ದಳು. ಅವಳನ್ನು ನೋಡಿ ನನಗೆ ನಾಚಿಕೆಯಾಯಿತು. ನನ್ನ ಸಿಟ್ಟಿನ ಬೀಸಿಗೆ ಇಂಥವರೂ ಸಿಗುತ್ತಾರಲ್ಲ ಎಂದು. ನಮ್ಮಮ್ಮ ನೇರಳೆ ರೇಷ್ಮೆಯಲ್ಲಿ ಮಧ್ಯದ ಕುರ್ಚಿಯಲ್ಲಿದ್ದಳು. ಆ ಕುರ್ಚಿ ಅವಳದಲ್ಲವಂತೆ. "ಬೆನ್ನು ನೋವು" ಎಂದು ಕೂತಳಂತೆ.

ನನ್ನ ಸರದಿ ಬಂತು. ಕಾಗದ ಹಿಡಿದು ನಿಂತೆ. ಸಮುದ್ರಕ್ಕಿಂತ ಆಳದ ಋಣ ಓದಿದೆ. ಮೀನಿನ ತಲೆ ಓದಿದೆ. ಸಭೆಯಲ್ಲಿ ನಾಲ್ಕಾರು ಜನ ಆಗಲೇ ಕಣ್ಣೊರೆಸಿಕೊಂಡರು. ಪ್ರವಾಹಕ್ಕೆ ಬಂದಾಗ ಕಾಗದ ಮಡಿಸಿ ಕಿಸೆಗೆ ಹಾಕಿದೆ.

"ಇಲ್ಲಿ ತಪ್ಪಾಗಿದೆ" ಎಂದೆ. "ಆ ದಿನ ನನ್ನನ್ನ ಹೊತ್ತುಕೊಂಡು ಹೋದವಳು ನಮ್ಮಕ್ಕ, ಬಾಂಗ್ಯೋ. ಅವಳಿಗೆ ಹದಿಮೂರು ವರ್ಷ. ಜಡೆ ಅವಳದು. ನಮ್ಮಮ್ಮನಿಗೆ ಯಾವತ್ತೂ ಜಡೆ ಇರಲಿಲ್ಲ, ಅದು ನಿಮಗೆಲ್ಲ ಗೊತ್ತು."

ನನ್ನ ಎದೆಯೊಳಗೆ ಏನೋ ಬಿಚ್ಚಿಕೊಂಡಿತು. ನಲವತ್ತೈದು ವರ್ಷದ ಮೇಲೆ ಅದೇ ಹೆಂಗಸರ ಮುಂದೆ, ಅಥವಾ ಅವರ ಹೆಣ್ಣುಮಕ್ಕಳ ಮುಂದೆ, ಹೇಳಬೇಕಾದ ಮಾತು ಹೇಳಿದ್ದೆ. ಒಂದು ಉಸಿರಿನಷ್ಟು ಹೊತ್ತು ನಾನು ಗೆದ್ದೆ, ಅಕ್ಕಾ.

ಆಮೇಲೆ ಅಮ್ಮ ಎದ್ದಳು. ಕೋಲು ಇಲ್ಲದೆ. ನನ್ನ ಕೈಯಿಂದ ಮೈಕು ತೆಗೆದುಕೊಂಡು, ಸಭೆಯನ್ನು ಆ ಕಡೆಯಿಂದ ಈ ಕಡೆಗೆ ಒಮ್ಮೆ ನೋಡಿದಳು.

"ನನ್ನ ಮಗಳು ಹೇಳಿದ್ದು ನಿಜ" ಎಂದಳು. ದನಿ ಒಡೆಯಿತು, ಎಲ್ಲಿ ಒಡೆಯಬೇಕೋ ಅಲ್ಲೇ. "ದೊಡ್ಡವಳು ನನ್ನ ಬಿಟ್ಟು ಹೋದಳು. ತಾಯಿಯನ್ನ ಮರೆತಳು. ಊರಲ್ಲಿ ಅವಳ ಬಗ್ಗೆ ಯಾರೂ ಕೆಟ್ಟದ್ದು ಆಡಬಾರದು ಅಂತ ಅವಳ ಹೆಸರನ್ನೇ ಎತ್ತಲಿಲ್ಲ ನಾನು, ಎಲ್ಲಾ ನನ್ನ ಮೇಲೆ ಹಾಕ್ಕೊಂಡೆ. ಆದರೆ ಒಂದು ಕೇಳ್ತೀನಿ. ಹದಿಮೂರು ವರ್ಷದ ಕೂಸಿಗೆ, ತಂಗಿಯನ್ನ ಹೊತ್ಕೊಂಡು ನೀರಿಗೆ ಇಳಿಯೋ ಬುದ್ಧಿ ಕಲಿಸಿದ್ದು ಯಾರು?"

ಚಪ್ಪಾಳೆ ಶುರುವಾದದ್ದು ಹಿಂದಿನ ಸಾಲಿನಿಂದ. ಆಮೇಲೆ ಇಡೀ ಭವನ. ಕೆಲವರು ಎದ್ದು ನಿಂತರು. ಸಿಂಪಿಯ ಹೆಂಗಸೂ ಅಳುತ್ತಿದ್ದಳು. ನಾನು ತಂದ ಸತ್ಯವನ್ನು ನನ್ನ ಕೈಯಿಂದಲೇ ಬಟ್ಟಲಿಗೆ ಹಾಕಿಸಿಕೊಂಡು, ಹೊಟ್ಟೆಯ ತುಂಡಿನ ಹಾಗೆ, ಎಲ್ಲರೆದುರು ತಿಂದಳು.

ಚಹಾದ ಬಟ್ಟಲು ಬಂತು. ಮಂಡಿಯೂರುವುದಕ್ಕೆ ದಿಂಬನ್ನೂ ಹಾಕಿದ್ದರು. ನಾನು ಊರಲಿಲ್ಲ. ಬಟ್ಟಲನ್ನು ಅವಳ ಪಕ್ಕದ ಮೇಜಿನ ಮೇಲಿಟ್ಟೆ. ಅವಳು ಮೈಕಿಗೆ ಸಿಗದಷ್ಟು ಮೆಲ್ಲಗೆ, ನಗುಮುಖದಲ್ಲೇ, "ಫೋಟೋ ತೆಗೀತಿದ್ದಾರೆ, ಬಗ್ಗೇ" ಎಂದಳು. ನಾನು ಇಳಿದು ಬಂದೆ. ವೂ ಹಿಂದೆಯೇ ಬಂದ, ಕಣ್ಣು ಕೆಂಪಾಗಿತ್ತು.

"ಅಕ್ಕಾ, ಎಂಥಾ ತಾಯಿ! ಮಗಳ ತಪ್ಪನ್ನೂ ಹೊಟ್ಟೇಲಿ ಹಾಕ್ಕೊಂಡ್ರಲ್ಲ! ಮುಂದಿನ ವರ್ಷ ಜಿಲ್ಲಾ ಮಟ್ಟಕ್ಕೆ ಕಳಿಸೋಣ."

"ಕಳಿಸಿ" ಎಂದೆ. "ಮುದ್ರೆ ಮಾತ್ರ ಈ ಸಲ ಸಿಗಲ್ಲ."

ಅಲ್ಲಿಂದ ನೇರ ಅವಳ ಮನೆಗೆ ಹೋದೆ, ಬಾಗಿಲ ಮೆಟ್ಟಿಲ ಮೇಲೆ ಕೂತು ಕಾದೆ. ಅವಳು ಫಲಕ ಹಿಡಿದು ಬಂದಳು. ಮುದ್ರೆ ಕೊಡು ಎಂದೆ. ಕೊಟ್ಟಳು. ಅಷ್ಟು ಸುಲಭವಾಗಿ ಕೊಡುತ್ತಾಳೆಂದು ಗೊತ್ತಿದ್ದರೆ ಮೂವತ್ತೈದು ವರ್ಷದ ಹಿಂದೆಯೇ ಕೇಳುತ್ತಿದ್ದೆ.

ಗುರುವಾರ ಗುಂಪಿನಲ್ಲಿ ಇದನ್ನೆಲ್ಲ ಹೇಳಿದೆ. "ಮಂಡಿ ಊರಲಿಲ್ಲ ಅಲ್ವಾ? ಅಷ್ಟು ಸಾಕು. ನೀವು ನಿಮ್ಮ ಸ್ಟಾಪಲ್ಲಿ ಇಳಿದ್ರಿ, ಅವರು ಎಲ್ಲಿಗೆ ಬೇಕಾದ್ರೂ ಹೋಗಲಿ" ಎಂದರು ಹೋಂಗ್ ಅಣ್ಣ. ಎಲ್ಲರೂ ನನ್ನ ಕೈ ಹಿಡಿದುಕೊಂಡರು. ನನಗೆ ಆ ಕೈಗಳನ್ನು ಬಿಡಿಸಿಕೊಳ್ಳಬೇಕೆನಿಸಿತು.

ನಿನ್ನೆ ತಾಯಂದಿರ ದಿನ. ಅವಳಿಗೆ ಫೋನು ಮಾಡಲಿಲ್ಲ. ನೂರು ಸಲ ಕೈ ಹೋಯಿತು, ಮಾಡಲಿಲ್ಲ.

ಊರ ಕಡಲದೇವಿ ಮಾಜು ಬೆಟ್ಟದ ಆ ಕಡೆಯೂ ನೋಡುತ್ತಾಳೆ ಎನ್ನುತ್ತಾರೆ. ನಿನ್ನ ಮಂಡಿಗೆ ಬಲ ಕೊಡಲಿ, ಮರಗಳ ಮೇಲೆ ಗಾಳಿ ಬೀಸದಿರಲಿ. ನೀನು ನೂರು ಚಳಿಗಾಲ ಹಣ್ಣು ಕೊಯ್ಯಬೇಕು.

ನಿನ್ನ ತಂಗಿ
ಮಾನ್‌ಯಿಂಗ್

ಮರೆತ ಮಾತು: ಮರೆತದ್ದಲ್ಲ. ನಿನ್ನ ಪ್ರಶ್ನೆಗೆ ಉತ್ತರ ಕೊಡದೆ ಲಕೋಟೆ ಅಂಟಿಸಲು ಹೊರಟಿದ್ದೆ, ಅಂಟಿಸಲಾಗಲಿಲ್ಲ.

ಮುದ್ರೆ ಕೊಡುವಾಗ ಅಮ್ಮ ಬಿಸ್ಕತ್ತಿನ ಡಬ್ಬಿಯಿಂದ ಇನ್ನೊಂದು ಕಾಗದವನ್ನೂ ತೆಗೆದಳು. ಹಳದಿಯಾದ ಶಾಲೆಯ ಹಾಳೆ. "ನಾನು ಒಂದಕ್ಷರ ಸೇರಿಸಿಲ್ಲ ಕಣೇ, ನೋಡ್ಕೋ. ನಿಂದೇ ಕೈ" ಎಂದಳು. ನೋಡಬೇಕಾಗಿರಲಿಲ್ಲ. ವೂ ತಂದ ಕಾಗದದ ಮೊದಲ ಸಾಲಿಗೇ ನನಗೆ ಗೊತ್ತಾಗಿತ್ತು. ಅದನ್ನು ಬರೆದವಳು ನಾನು.

ನೀನು ಕಾರ್ಖಾನೆಗೆ ಹೋದ ಮೂರು ತಿಂಗಳಿಗೆ, ತಾಯಂದಿರ ದಿನದ ಪ್ರಬಂಧ ಸ್ಪರ್ಧೆ. ಲಿಯಾವ್ ಟೀಚರ್ ಹಲಗೆಯ ಮೇಲೆ "ನನ್ನ ತಾಯಿ" ಎಂದು ಬರೆದರು. ಎಲ್ಲರೂ ಮೀನಿನ ತಲೆ ಬರೆಯುತ್ತಿದ್ದರು, ನಾನೂ ಬರೆದೆ. ಆಮೇಲೆ ಏನೂ ತೋಚಲಿಲ್ಲ. ಅವಳು ನನಗಾಗಿ ಮಾಡಿದ್ದು ಒಂದಾದರೂ ನೆನಪಾಗಲಿ ಎಂದು ಕಣ್ಣು ಮುಚ್ಚಿದೆ. ನೆನಪಾದದ್ದು ನಿನ್ನ ಬೆನ್ನು. ನೀನಿದ್ದ ಕಡೆಯಲ್ಲೆಲ್ಲ ಅವಳನ್ನು ಇಟ್ಟು ಬರೆದೆ. ಜಡೆಯನ್ನು ಮಾತ್ರ ತೆಗೆಯಲು ಕೈ ಬರಲಿಲ್ಲ. ಮೊದಲ ಬಹುಮಾನ ಬಂತು.

ಟೀಚರ್ ತಲೆ ಸೆಟ್ ಮಾಡಿಸಿಕೊಳ್ಳಲು ಬಂದಾಗ ಅದನ್ನು ಅಂಗಡಿಯಲ್ಲಿ ಗಟ್ಟಿಯಾಗಿ ಓದಿದರು. ಅಮ್ಮನ ಕತ್ತರಿ ನಿಂತಿತು. ಅವಳಿಗೆ ಆ ದಿನವೇ ನೆನಪಿರಲಿಲ್ಲ ಅಕ್ಕಾ. ನನ್ನ ಕಾಗದದಿಂದಲೇ ಮೊದಲು ಕೇಳಿದ್ದು. ತಿರುಗಿ ನನ್ನನ್ನು ನೋಡಿದಳು. ಹನ್ನೊಂದು ವರ್ಷದಲ್ಲಿ ಅವಳು ಹಾಗೆ ನನ್ನನ್ನು ನೋಡಿದ್ದು ಅದೊಂದೇ ಸಲ. ಆಮೇಲೆ, "ಹೌದು ಟೀಚರ್, ನೀರು ಸೊಂಟದವರೆಗೆ ಬಂದಿತ್ತು" ಎಂದಳು. ಆ ಸಂಜೆ ನನ್ನ ಬಟ್ಟಲಿಗೆ ಹೂಮೀನಿನ ಹೊಟ್ಟೆಯ ತುಂಡೊಂದು ಬಿತ್ತು. ಐವತ್ತೇಳಕ್ಕೆ ಮೊದಲ ಸಲ ತಿಂದೆ ಎಂದು ನಾನು ಬರೆದದ್ದು ಸುಳ್ಳು. ಗುಂಪಿನಲ್ಲಿ ಎಲ್ಲವನ್ನೂ ಹೇಳಿದ್ದೇನೆ ಎಂದದ್ದೂ ಸುಳ್ಳು.

ಹೊಸವರ್ಷದ ಹಿಂದಿನ ಆ ದಿನ ನಾನು ಹೆದರಿ ಹೇಳಿದೆನೆಂದು ನೀನು ನಲವತ್ತೈದು ವರ್ಷ ನಂಬಿದೆ. ಹೆದರಿರಲಿಲ್ಲ. ಅವಳು ಕೇಳಿದಾಗ, ಇನ್ನೊಮ್ಮೆ ಹಾಗೆ ನೋಡುತ್ತಾಳೇನೋ ಎಂದು, ನಿನ್ನ ಮುಖವನ್ನೇ ನೋಡುತ್ತಾ ಹೇಳಿದೆ. ಅವಳು ನೋಡಲಿಲ್ಲ. ಬಾಗಿಲಲ್ಲಿ ನಿಂತ ನೀನು ನೋಡಿದೆ.

"ನನ್ನನ್ನ ಅಂಥಾ ತಾಯಿ ಮಾಡಿದ್ದು ನೀನೇ ಅಲ್ವೇನೇ?" ಎಂದಳು ಅಮ್ಮ, ಹಾಳೆ ಮಡಿಸುತ್ತಾ. ಅವಳ ಬಾಯಿಂದ ಬಂದ ಒಂದು ನಿಜ.

ಸುಳ್ಳು ಸಾಕ್ಷಿ ಹೇಳಿದವರ ಹೆಸರು ಹೊರಗೆ ಬರಲಿ ಎಂದು ಪತ್ರಿಕೆಗೆ ಬರೆದದ್ದನ್ನು ನಿನಗೇ ಕತ್ತರಿಸಿ ಕಳಿಸಿದ್ದೆ. ಆ ತುಂಡು ನಿನ್ನ ಹತ್ತಿರ ಇದ್ದರೆ ಇದರ ಜೊತೆಗೇ ಇಟ್ಟುಕೋ. ಇನ್ನು ಹಣ್ಣು ಕಳಿಸಬೇಡ; ಕಳಿಸಿದರೆ ನನಗೆ ನುಂಗಲಾಗುವುದಿಲ್ಲ.

ನನ್ನನ್ನು ಹೊತ್ತವಳು ನನ್ನ ಅಕ್ಕ ಬಾಂಗ್ಯೋ. ಕೆಳಗೆ ನನ್ನ ಮುದ್ರೆ ಇದೆ. ಈ ಸಲ ಒತ್ತಿದ ಕೈ ನನ್ನದೇ.